ಮೈಯ ಕಾವು: ಅದು ಜ್ವರವೋ, ಬಿಸಿಲಿನ ಹೊಡೆತವೋ?



ನೀವು ಆಸ್ಪತ್ರೆ ಸೇರಿದ ದಿನದಿಂದ ಒಂದು ಕೆಲಸವನ್ನು ನೋಡುತ್ತಲೇ ಇದ್ದೀರಿ. ಬೆಳಗಾಗುತ್ತಲೇ ಸಿಸ್ಟರ್ ಬರುತ್ತಾರೆ, ರೋಗಿಯ ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ, ಬಂದ ಅಂಕಿಯನ್ನು ಚಾರ್ಟಿನಲ್ಲಿ ಬರೆದುಕೊಳ್ಳುತ್ತಾರೆ. ಸಂಜೆ ಮತ್ತೆ ಅದೇ ಕೆಲಸ. "ನನಗೆ ಮುರಿದಿರುವುದು ಕಾಲು, ಜ್ವರ ಯಾಕೆ ನೋಡುತ್ತೀರಿ?" ಎಂದು ಕೇಳುವವರೂ ಉಂಟು.

ಪ್ರಶ್ನೆ ಸಹಜವಾದದ್ದೇ. ಉತ್ತರ ಇಷ್ಟು: ದೇಹದೊಳಗೆ ಏನೋ ಕೆಡುಕು ಆರಂಭವಾಗಿದೆ ಎಂಬ ಸುದ್ದಿಯನ್ನು ಎಷ್ಟೋ ಸಲ ಮೊದಲು ಹೇಳುವುದು ಮೈಯ ಕಾವು. ಆದ್ದರಿಂದ ಈ ಕಾವು ಹೇಗೆ ಹುಟ್ಟುತ್ತದೆ, ಅದನ್ನು ದೇಹ ಹೇಗೆ ಒಂದೇ ಮಟ್ಟದಲ್ಲಿ ಕಾಯುತ್ತದೆ, ಅದು ತಪ್ಪಿದಾಗ ನಾವು ಏನು ಮಾಡಬೇಕು ಎಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಅದರಲ್ಲೂ ಜ್ವರದಿಂದ ಮೈ ಸುಡುವುದು ಬೇರೆ, ಬಿಸಿಲಿನ ಹೊಡೆತದಿಂದ ಮೈ ಸುಡುವುದು ಬೇರೆ. ಮುಟ್ಟಿದ ಕೈಗೆ ಎರಡೂ ಒಂದೇ. ಆದರೆ ಒಂದಕ್ಕೆ ಮಾಡುವ ಉಪಚಾರವನ್ನು ಇನ್ನೊಂದಕ್ಕೆ ಮಾಡಿದರೆ ಜೀವಕ್ಕೇ ಅಪಾಯ.

(ಈ ಲೇಖನದಲ್ಲಿ ಮೈಯ ಕಾವನ್ನು ಫ್ಯಾರನ್‌ಹೀಟ್ ಡಿಗ್ರಿಯಲ್ಲೂ, ಹೊರಗಿನ ಹವೆಯ ಬಿಸಿಯನ್ನು ಸೆಲ್ಸಿಯಸ್ ಡಿಗ್ರಿಯಲ್ಲೂ ಕೊಟ್ಟಿದೆ. ನಮ್ಮ ಜನರಿಗೆ ರೂಢಿ ಇರುವುದು ಹಾಗೆಯೇ.)

ಕಾವು ಎಲ್ಲಿಂದ ಬರುತ್ತದೆ?

ನಾವು ತಿಂದ ರೊಟ್ಟಿ, ಅನ್ನ, ಬೇಳೆ ಹೊಟ್ಟೆಯಲ್ಲಿ ಜೀರ್ಣವಾಗಿ ರಕ್ತದ ಮೂಲಕ ದೇಹದ ಪ್ರತಿಯೊಂದು ಜೀವಕೋಶಕ್ಕೂ ಹೋಗುತ್ತವೆ. ಅಲ್ಲಿ ಆಮ್ಲಜನಕದೊಡನೆ ಸೇರಿ ಶಕ್ತಿಯಾಗುತ್ತವೆ. ಶಕ್ತಿ ಹುಟ್ಟುವಾಗ ಜೊತೆಯಲ್ಲಿ ಬಿಸಿಯೂ ಹುಟ್ಟುತ್ತದೆ. ಯಕೃತ್ತು, ಮೆದುಳು, ಹೃದಯ, ಮೂತ್ರಪಿಂಡ ಇವು ಹಗಲು ರಾತ್ರಿ ಎನ್ನದೆ ಕಾಯಕ ಮಾಡುವ ಅಂಗಗಳು. ನಾವು ಸುಮ್ಮನೆ ಮಲಗಿದ್ದಾಗಲೂ ಇವುಗಳ ಕಾಯಕ ನಿಲ್ಲುವುದಿಲ್ಲ. ಸುಮ್ಮನೆ ಕುಳಿತ ಒಬ್ಬ ವಯಸ್ಕನ ದೇಹದಿಂದ ಹೆಚ್ಚುಕಡಿಮೆ ಹಳೆಯ ಕಾಲದ 100 ವ್ಯಾಟ್ ಬಲ್ಬಿನಷ್ಟು ಬಿಸಿ ಹೊರಬೀಳುತ್ತಿರುತ್ತದೆ.

ಮೈಮುರಿದು ದುಡಿಯುವಾಗ ಇದು ಹಲವು ಪಟ್ಟು ಏರುತ್ತದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸವಾಗುತ್ತದೆ, ಉಳಿದದ್ದೆಲ್ಲ ಬಿಸಿಯಾಗುತ್ತದೆ. ಗುದ್ದಲಿ ಹಿಡಿದವರ ಮೈ ಚಳಿಗಾಲದಲ್ಲೂ ಬೆವರುವುದು ಇದಕ್ಕಾಗಿಯೇ. ಈ ಬಿಸಿ ಹೊರಗೆ ಹೋಗದೆ ಒಳಗೇ ಉಳಿದರೆ ಕೆಲವೇ ಗಂಟೆಗಳಲ್ಲಿ ದೇಹ ತಾಳಲಾರದಷ್ಟು ಕಾಯುತ್ತದೆ. ಹೊರಗೆ ಹೋಗುವುದು ಹೆಚ್ಚಾದರೆ ತಣ್ಣಗಾಗುತ್ತದೆ. ಹುಟ್ಟುವ ಬಿಸಿಯೂ ಹೋಗುವ ಬಿಸಿಯೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿ ನಿಂತರೆ ಮಾತ್ರ ಆರೋಗ್ಯ.

ಎಷ್ಟಿರಬೇಕು?

98.6 ಡಿಗ್ರಿ ಎಂಬ ಅಂಕಿಯನ್ನು ನೀವು ಕೇಳಿರುತ್ತೀರಿ. ಜರ್ಮನಿಯ ಕಾರ್ಲ್ ವುಂಡರ್ಲಿಕ್ ಎಂಬ ವೈದ್ಯರು ಸುಮಾರು 25,000 ರೋಗಿಗಳ ಕಂಕುಳಿನ ತಾಪವನ್ನು ಅಳೆದು, 1868ರಲ್ಲಿ ಗ್ರಂಥ ಪ್ರಕಟಿಸಿದ ಮೇಲೆ ಈ ಅಂಕಿ ಜಗತ್ತಿಗೆಲ್ಲ ಪರಿಚಯವಾಯಿತು. ಆದರೆ ಇದು ಗೆರೆ ಕೊರೆದಂತೆ ಎಲ್ಲರಿಗೂ ಒಂದೇ ಅಲ್ಲ. ಆರೋಗ್ಯವಂತರಲ್ಲಿ 97ರಿಂದ 99 ಡಿಗ್ರಿಯವರೆಗೆ ಇರಬಹುದು. ನಸುಕಿನಲ್ಲಿ ಕಡಿಮೆ, ಸಂಜೆಗೆ ಸುಮಾರು ಒಂದು ಡಿಗ್ರಿಯಷ್ಟು ಹೆಚ್ಚು. ಹೆಂಗಸರಲ್ಲಿ ತಿಂಗಳಿನ ಕೊನೆಯ ಎರಡು ವಾರ ಸ್ವಲ್ಪ ಏರಿರುತ್ತದೆ. ಕಂಕುಳಲ್ಲಿ ನೋಡಿದಾಗ ಬಾಯಲ್ಲಿ ನೋಡಿದ್ದಕ್ಕಿಂತ ಸುಮಾರು ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. ಸಾಮಾನ್ಯವಾಗಿ 100.4 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಜ್ವರ ಎನ್ನುತ್ತಾರೆ.

ಮೆದುಳಿನಲ್ಲಿರುವ ಕಾವಲುಗಾರ

ಈ ತಕ್ಕಡಿಯನ್ನು ಹಿಡಿದು ನಿಂತಿರುವುದು ಮೆದುಳಿನ ಬುಡದಲ್ಲಿರುವ, ಬಾದಾಮಿ ಬೀಜದಷ್ಟು ಚಿಕ್ಕ ಭಾಗ. ಅದರ ಹೆಸರು ಹೈಪೊಥಲಾಮಸ್. ಚರ್ಮದಲ್ಲಿರುವ ನರಗಳು ಹೊರಗಿನ ಬಿಸಿ-ಚಳಿಯ ಸುದ್ದಿಯನ್ನು ಇದಕ್ಕೆ ಮುಟ್ಟಿಸುತ್ತವೆ. ತನ್ನ ಬಳಿ ಹರಿದುಬರುವ ರಕ್ತದ ಬಿಸಿಯನ್ನು ಇದು ತಾನೇ ಪರೀಕ್ಷಿಸುತ್ತದೆ. ಎರಡನ್ನೂ ತೂಗಿ ನೋಡಿ ಅಪ್ಪಣೆ ಕೊಡುತ್ತದೆ.

ಬಿಸಿ ಹೆಚ್ಚಾದರೆ ಅದು ಎರಡು ಕೆಲಸ ಮಾಡಿಸುತ್ತದೆ. ಮೊದಲನೆಯದು, ಚರ್ಮದ ರಕ್ತನಾಳಗಳನ್ನು ಅಗಲ ಮಾಡಿ ಒಳಗಿನ ಬಿಸಿ ರಕ್ತವನ್ನು ಮೈಮೇಲಕ್ಕೆ ಕಳುಹಿಸುವುದು. ತಂಪು ಹೊತ್ತಿನಲ್ಲಿ ಚರ್ಮಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ ರಕ್ತ ಹರಿದರೆ, ಕಡು ಸೆಕೆಯಲ್ಲಿ ಅದು 6ರಿಂದ 8 ಲೀಟರಿನವರೆಗೆ ಏರಬಲ್ಲದು. ಅಷ್ಟು ರಕ್ತವನ್ನು ತಳ್ಳಬೇಕಾದದ್ದು ಹೃದಯ. ಹೃದ್ರೋಗಿಗಳಿಗೆ ಬೇಸಿಗೆ ಕಠಿಣವಾಗುವುದು ಇದರಿಂದಲೇ. ಎರಡನೆಯದು, ಬೆವರಿಸುವುದು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ.

ಚಳಿಯಾದರೆ ಇದಕ್ಕೆ ವಿರುದ್ಧ. ಚರ್ಮದ ರಕ್ತನಾಳಗಳು ಬಿಗಿಯಾಗುತ್ತವೆ, ಆಗ ಕೈಕಾಲು ತಣ್ಣಗಾಗಿ ಬಿಳಿಚಿಕೊಳ್ಳುತ್ತವೆ. ದೇಹವು ಕೈಕಾಲಿನ ಬೆಚ್ಚಗೆಯನ್ನು ಬಿಟ್ಟುಕೊಟ್ಟು ಹೃದಯ, ಮೆದುಳುಗಳನ್ನು ಕಾಯುತ್ತದೆ. ಅದೂ ಸಾಲದಿದ್ದರೆ ಸ್ನಾಯುಗಳು ತಾವಾಗಿಯೇ ಕುಣಿಯತೊಡಗುತ್ತವೆ. ಅದೇ ನಡುಕ. ಜೋರಾದ ನಡುಕದಿಂದ ದೇಹ ನಾಲ್ಕೈದು ಪಟ್ಟು ಹೆಚ್ಚು ಬಿಸಿಯನ್ನು ಹುಟ್ಟಿಸಿಕೊಳ್ಳಬಲ್ಲದು.

ಬೆವರಿನ ಮಹಿಮೆ

ಸುತ್ತಲಿನ ಹವೆ ಮೈಗಿಂತ ತಂಪಾಗಿರುವವರೆಗೆ ದೇಹದ ಬಿಸಿ ತಾನಾಗಿಯೇ ಹೊರಗೆ ಹೋಗುತ್ತದೆ. ಚರ್ಮದ ಬಿಸಿ ಸುಮಾರು 35 ಡಿಗ್ರಿ ಸೆಲ್ಸಿಯಸ್. ಹೊರಗಿನ ಹವೆ ಅದನ್ನು ದಾಟಿತೆಂದರೆ ಬಿಸಿ ಹೊರಗಿನಿಂದ ಒಳಗೆ ಬರತೊಡಗುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು ಆರುವುದು.

ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದನ್ನು ನೆನೆಸಿಕೊಳ್ಳಿ. ಗಡಿಗೆಯ ಹೊರಮೈಗೆ ಜಿನುಗಿದ ನೀರು ಆರುವಾಗ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಚರ್ಮವೂ ಅಂಥದೇ ಗಡಿಗೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ, ಸುಮಾರು ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಬಿಸಿ ಮೈಯಿಂದ ಹೋಗುತ್ತದೆ.

ಇದರ ಬಲವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಗ್ಡನ್ ಎಂಬ ವೈದ್ಯ 1774ರಲ್ಲಿ ತನ್ನ ಮೈಮೇಲೆಯೇ ಪರೀಕ್ಷಿಸಿದ. ನೀರು ಕುದಿಯುವುದಕ್ಕಿಂತ ಹೆಚ್ಚು ಕಾಯಿಸಿದ, 120 ಡಿಗ್ರಿ ಸೆಲ್ಸಿಯಸ್ ದಾಟಿದ ಒಣ ಕೋಣೆಯೊಳಗೆ ಕೆಲವು ನಿಮಿಷ ನಿಂತ. ಅದೇ ಕೋಣೆಯಲ್ಲಿಟ್ಟ ಕೋಳಿಮೊಟ್ಟೆಗಳು ಬೆಂದು ಗಟ್ಟಿಯಾದವು. ಆತ ಮಾತ್ರ ಸುಖವಾಗಿ ಹೊರಬಂದ, ಆತನ ಮೈಯ ಕಾವು ಹೆಚ್ಚು ಏರಲಿಲ್ಲ. ಹವೆ ಒಣಗಿದ್ದರಿಂದ ಬೆವರು ಕೂಡಲೇ ಆರಿ ಮೈಯನ್ನು ಕಾಯಿತು. ಹಾಗೆಂದು ಯಾರೂ ಇದನ್ನು ಮಾಡಿ ನೋಡಬಾರದು. ಆತ ಒಳಗಿದ್ದುದು ಕೆಲವೇ ನಿಮಿಷ.

ಇದರಲ್ಲಿ ನಾವು ಗಮನಿಸಬೇಕಾದದ್ದು ಎರಡು ಸಂಗತಿ. ಒಂದು, ಬೆವರು ಸುರಿದರೆ ಸಾಲದು, ಆರಬೇಕು. ಮಂಗಳೂರು, ಕಾರವಾರದಂಥ ಕರಾವಳಿಯಲ್ಲಿ ಹವೆಯಲ್ಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ತೊಟ್ಟಿಕ್ಕುತ್ತದೆ. ಅಲ್ಲಿ 34 ಡಿಗ್ರಿಯೂ ತಾಳಲಾಗದು. ಎರಡು, ಬೆವರು ಬರಬೇಕಾದರೆ ಒಳಗೆ ನೀರಿರಬೇಕು. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರದ ಕಡೆ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಒಣ ಬಿಸಿಲಿನಲ್ಲಿ ಬೆವರು ಬಂದದ್ದೇ ತಡ ಆರಿಹೋಗುವುದರಿಂದ, ನೀರು ಎಷ್ಟು ಹೋಯಿತೆಂಬುದು ದುಡಿಯುವವರಿಗೆ ಗೊತ್ತೇ ಆಗುವುದಿಲ್ಲ. ಕಷ್ಟದ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಹೀಗೆ ಹೋಗಬಹುದು. ಈ ಭಾಗದ ಸರ್ಕಾರಿ ಕಚೇರಿಗಳನ್ನು ಬೇಸಿಗೆಯ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿ ಬಂದದ್ದು ಸುಮ್ಮನೆ ಅಲ್ಲ.

ಜ್ವರ ಎಂದರೆ ದೇಹ ತಾನೇ ಏರಿಸಿಕೊಂಡ ಕಾವು

ರೋಗಾಣುಗಳು ದೇಹವನ್ನು ಹೊಕ್ಕಾಗ ನಮ್ಮ ರಕ್ತದ ಬಿಳಿ ಕಣಗಳು ಕೆಲವು ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಅವುಗಳ ಸುದ್ದಿ ಮೆದುಳಿಗೆ ಮುಟ್ಟಿದಾಗ ಕಾವಲುಗಾರ ತನ್ನ ಗುರಿಯನ್ನೇ ಬದಲಿಸುತ್ತಾನೆ. 98.6ರ ಬದಲು 102 ಇರಲಿ ಎಂದು ನಿಶ್ಚಯಿಸುತ್ತಾನೆ. ಆಗ ಮೈ 99 ಡಿಗ್ರಿ ಇದ್ದರೂ ಮೆದುಳಿಗೆ ಅದು ಚಳಿಯೇ. ಅದಕ್ಕಾಗಿಯೇ ಜ್ವರ ಏರುವಾಗ ಗಡಗಡ ನಡುಕ ಬರುತ್ತದೆ, ಕೈಕಾಲು ತಣ್ಣಗಾಗುತ್ತವೆ, ರೋಗಿ ಹೊದಿಕೆ ಕೇಳುತ್ತಾನೆ. ಗುರಿ ಮುಟ್ಟಿದ ಮೇಲೆ ನಡುಕ ನಿಂತು ಮೈ ಸುಡುತ್ತದೆ. ಜ್ವರ ಇಳಿಯುವಾಗ ಗುರಿ ಮತ್ತೆ ಕೆಳಗಿಳಿದು ಬೆವರು ಬಿಡುತ್ತದೆ. ಮಲೇರಿಯಾದಲ್ಲಿ ಚಳಿ, ಸುಡು, ಬೆವರು ಈ ಮೂರೂ ಒಂದರ ಹಿಂದೊಂದು ಸ್ಪಷ್ಟವಾಗಿ ಕಾಣುತ್ತವೆ.

ಅಂದರೆ ಜ್ವರದಲ್ಲಿ ಕಾವಲುಗಾರ ಎಚ್ಚರವಾಗಿಯೇ ಇದ್ದಾನೆ, ಲೆಕ್ಕ ತಪ್ಪಿಲ್ಲ. ಜ್ವರ ರೋಗವಲ್ಲ, ರೋಗದ ಸುದ್ದಿ. ಪ್ಯಾರಾಸಿಟಮಾಲ್ ಮಾತ್ರೆಯು ಮೆದುಳಿನ ಆ ಗುರಿಯನ್ನು ಕೆಳಗಿಳಿಸುತ್ತದೆ, ಒಳಗಿನ ಸೋಂಕನ್ನು ಕೊಲ್ಲುವುದಿಲ್ಲ. ಮಾತ್ರೆಯಿಂದ ಜ್ವರ ಇಳಿಯಿತೆಂದು ಕಾರಣ ಹುಡುಕುವುದನ್ನು ಬಿಡಬಾರದು.

ಜ್ವರದಲ್ಲಿ ಹೀಗೆ ಮಾಡಿ:

1. ನಡುಗುವಾಗ ಹೊದಿಸಿ. ನಡುಕ ನಿಂತು ಮೈ ಸುಡತೊಡಗಿದಾಗ ಕಂಬಳಿ, ದುಪ್ಪಟಿ ತೆಗೆದು ತೆಳುವಾದ ಹತ್ತಿ ಬಟ್ಟೆ ಸಾಕು ಮಾಡಿ. ಬೆವರಿಸಬೇಕೆಂದು ಮೂರು ಹೊದಿಕೆ ಹೊದಿಸಬೇಡಿ. ಮಕ್ಕಳಿಗಂತೂ ಬೇಡವೇ ಬೇಡ.

2. ಐಸ್ ನೀರಿನಿಂದ ಮೈ ಒರೆಸಬೇಡಿ. ತಣ್ಣೀರು ತಾಗಿದರೆ ಮೆದುಳು ಮತ್ತೆ ನಡುಗಿಸುತ್ತದೆ, ರೋಗಿಗೆ ಆಯಾಸವೇ ಹೊರತು ಲಾಭವಿಲ್ಲ. ಒರೆಸಲೇಬೇಕೆಂದರೆ ಉಗುರುಬೆಚ್ಚಗಿನ ನೀರು ಸಾಕು.

3. ಮಾತ್ರೆ ಅಥವಾ ಸಿರಪ್ಪನ್ನು ವೈದ್ಯರು ಬರೆದಷ್ಟೇ ಕೊಡಿ. ಮಕ್ಕಳಿಗೆ ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆ. ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರವಿರಲಿ. ನೆಗಡಿಯ ಎಷ್ಟೋ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಸೇರಿ ಮಿತಿಮೀರಿದರೆ ಯಕೃತ್ತಿಗೆ ಅಪಾಯ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಡೆಂಗಿ ಇರಬಹುದೆಂಬ ಸಂಶಯವಿದ್ದರೆ ಆಸ್ಪಿರಿನ್, ಐಬುಪ್ರೊಫೇನ್ ಎರಡೂ ಬೇಡ, ರಕ್ತಸ್ರಾವ ಹೆಚ್ಚಬಹುದು.

4. ಗಂಜಿ, ಮಜ್ಜಿಗೆ, ಎಳನೀರು, ತಿಳಿಸಾರು ಹೀಗೆ ದ್ರವ ಪದಾರ್ಥಗಳನ್ನು ಆಗಾಗ ಕೊಡಿ. ಜ್ವರದಲ್ಲಿ ದೇಹ ಮಾಮೂಲಿಗಿಂತ ಹೆಚ್ಚು ಶಕ್ತಿಯನ್ನು ಖರ್ಚು ಮಾಡುತ್ತದೆ. ಲಂಘನವೆಂದು ಮಕ್ಕಳನ್ನು ಉಪವಾಸ ಕೆಡವಬೇಡಿ.

ಕೆಲವು ಮಕ್ಕಳಿಗೆ ಆರು ತಿಂಗಳಿನಿಂದ ಐದು ವರ್ಷದೊಳಗೆ ಜ್ವರ ಏರುವಾಗ ಫಿಟ್ಸ್ ಬರುವುದುಂಟು. ನೋಡಲು ಭಯವಾಗುತ್ತದೆ, ಆದರೆ ಬಹುಪಾಲು ಮಕ್ಕಳಿಗೆ ಇದರಿಂದ ಶಾಶ್ವತ ತೊಂದರೆ ಆಗುವುದಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲಿಸಿ. ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬೇಡಿ. ಕೈಯಲ್ಲಿ ಕಬ್ಬಿಣ ಹಿಡಿಸುವುದು, ಉಳ್ಳಾಗಡ್ಡಿ ಮೂಸಿಸುವುದು ಇವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ. ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಬೇಗ ನಿಂತರೂ ಮೊದಲ ಸಲವಾದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಬಿಸಿಲಿನ ಹೊಡೆತ ಎಂದರೆ ಕಾವಲುಗಾರ ಸೋತದ್ದು

ಇಲ್ಲಿ ಕಥೆ ಬೇರೆ. ಬಿಸಿಲಿನ ಹೊಡೆತದಲ್ಲಿ ಮೆದುಳು ಗುರಿಯನ್ನು ಏರಿಸಿಲ್ಲ. 98.6ಕ್ಕೆ ಇಳಿಸಲು ಅದು ಹೆಣಗಾಡಿದೆ, ಚರ್ಮಕ್ಕೆ ರಕ್ತ ಕಳುಹಿಸಿದೆ, ಬೆವರಿಸಿದೆ. ಆದರೂ ಹೊರಗಿನ ಬಿಸಿಲು, ಒಳಗಿನ ದುಡಿಮೆಯ ಬಿಸಿ ಎರಡೂ ಸೇರಿ ಅದನ್ನು ಮೀರಿಸಿವೆ. ಮೈಯ ಕಾವು 104 ಡಿಗ್ರಿ ದಾಟಿ ಮೇಲೇರಿದಂತೆ ಮೆದುಳು, ಯಕೃತ್ತು, ಮೂತ್ರಪಿಂಡಗಳ ಜೀವಕೋಶಗಳು ಹಾಳಾಗತೊಡಗುತ್ತವೆ. ಗುರಿ ಏರಿಲ್ಲವಾದ್ದರಿಂದ ಅದನ್ನು ಇಳಿಸುವ ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು, ದಣಿದ ಯಕೃತ್ತಿಗೆ ಹೊರೆಯೂ ಆಗಬಹುದು. ಜ್ವರದಲ್ಲಿ ಬೇಡವೆಂದ ತಣ್ಣೀರೇ ಇಲ್ಲಿ ಮದ್ದು.

ಯಾರಿಗೆ ಬರುತ್ತದೆ? ಮಧ್ಯಾಹ್ನ ಹೊಲದಲ್ಲಿ, ಕಟ್ಟಡದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರಿಗೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಭಕ್ತರಿಗೆ. ತಗಡಿನ ಮನೆಯಲ್ಲಿ ಒಬ್ಬರೇ ಇರುವ ಮುದುಕರಿಗೆ, ಅವರಿಗೆ ಬಾಯಾರಿಕೆಯ ಅರಿವೂ ಕಡಿಮೆ, ಬೆವರೂ ಕಡಿಮೆ. ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋದ ಮಕ್ಕಳಿಗೆ. ಮದ್ಯ ಸೇವಿಸಿದವರಿಗೆ. ಇನ್ನೊಂದು ಗುಂಪನ್ನು ನಾವು ಮರೆಯುತ್ತೇವೆ. ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ತಂಪು ಊರಿನಲ್ಲಿದ್ದು, ಮೇ ತಿಂಗಳಲ್ಲಿ ಹಳ್ಳಿಗೆ ಬಂದು, ಮೊದಲ ದಿನವೇ ಹೊಲಕ್ಕಿಳಿಯುವ ಗಟ್ಟಿಮುಟ್ಟಾದ ಯುವಕರಿಗೂ ಇದು ಬಡಿಯುತ್ತದೆ.

ಮುನ್ಸೂಚನೆಗಳು ಹೀಗಿರುತ್ತವೆ: ಬಹಳ ಬೆವರು, ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುವುದು. ಈ ಹಂತದಲ್ಲಿ ನೆರಳಿಗೆ ಬಂದು, ಮೈಗೆ ನೀರು ಹಾಕಿಕೊಂಡು, ಓ.ಆರ್.ಎಸ್. ಕುಡಿದರೆ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ.

ಅಪಾಯದ ಗುರುತು ಒಂದೇ, ಬುದ್ಧಿ ಕಲಕುವುದು. ಬಿಸಿಲಲ್ಲಿದ್ದವರ ಮೈ ಸುಡುತ್ತಿದ್ದು, ಅವರು ಸಂಬಂಧವಿಲ್ಲದೆ ಮಾತಾಡಿದರೆ, ತೂರಾಡಿದರೆ, ಗುರುತು ಹಿಡಿಯದಿದ್ದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಹೊಡೆತವೆಂದೇ ತಿಳಿಯಿರಿ. ಚರ್ಮ ಒಣಗಿರಲೇಬೇಕೆಂದಿಲ್ಲ. ದುಡಿಯುತ್ತಿದ್ದವರಲ್ಲಿ ಬೆವರು ಇನ್ನೂ ಬರುತ್ತಿರಬಹುದು. "ಬೆವರು ಐತಲ್ಲ, ಏನಾಗಲ್ಲ ಬಿಡ್ರಿ" ಎಂದು ಸುಮ್ಮನಾಗಬೇಡಿ. ಕುಡಿದಿದ್ದಾನೆಂದೋ, ಗಾಳಿ ಸೋಕಿದೆಯೆಂದೋ ಕೈಬಿಡಬೇಡಿ.

ಆಗ ಮಾಡಬೇಕಾದದ್ದು:

1. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಕೆಲಸಕ್ಕೆ ಇಳಿಯಲಿ. ಮೊದಲ ಅರ್ಧ ಗಂಟೆ ಅಮೂಲ್ಯವಾದದ್ದು. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯುತ್ತಾ ನಿಂತರೆ ಆ ಹೊತ್ತು ಕಳೆದುಹೋಗುತ್ತದೆ.

2. ನೆರಳಿಗೆ ಎತ್ತಿಕೊಂಡು ಹೋಗಿ ಮೇಲಿನ ಬಟ್ಟೆ ತೆಗೆಯಿರಿ. ಹೆಂಗಸರಾದರೆ ಸುತ್ತಲೂ ಸೀರೆ ಮರೆ ಹಿಡಿಯಿರಿ, ಸಂಕೋಚಕ್ಕಾಗಿ ತಡಮಾಡಬೇಡಿ.

3. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಲೇ ಇರಿ. ಬಾವಿಯದೋ, ಬೋರಿನದೋ, ಕೊಡದ್ದೋ, ಯಾವ ನೀರಾದರೂ ಸರಿ. ಮೂಗು, ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಟವೆಲ್ಲಿನಿಂದಲೋ ಮೊರದಿಂದಲೋ ಬಿರುಸಾಗಿ ಗಾಳಿ ಬೀಸಿ. ಗಡಿಗೆಯ ನೀರು ತಂಪಾಗುವ ಉಪಾಯವೇ ಇದು.

4. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಇಡಿ. ಅಲ್ಲಿ ದೊಡ್ಡ ರಕ್ತನಾಳಗಳಿವೆ.

5. ಎಚ್ಚರವಿಲ್ಲದವರ ಬಾಯಿಗೆ ನೀರು, ಪಾನಕ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ.

6. ಅಂಗಾಲಿಗೆ ಉಳ್ಳಾಗಡ್ಡಿ ರಸ ತಿಕ್ಕುತ್ತಾ, ದೃಷ್ಟಿ ತೆಗೆಯುತ್ತಾ ಹೊತ್ತು ಕಳೆಯಬೇಡಿ. ದಾರಿಯಲ್ಲೂ ಒದ್ದೆ ಬಟ್ಟೆ, ಗಾಳಿ ನಿಲ್ಲದಿರಲಿ.

ಕಾವು ಇಳಿದರೆ ಸಾಕಾಗದು

ಕಾವು ಹೆಚ್ಚುವುದಕ್ಕೆ ಹೆದರುವ ನಾವು ಕಡಿಮೆಯಾಗುವುದನ್ನು ಗಮನಿಸುವುದಿಲ್ಲ. 95 ಡಿಗ್ರಿಗಿಂತ ಕೆಳಗಿಳಿದರೆ ಅದೂ ಅಪಾಯವೇ.

ಹಸುಗೂಸುಗಳು: ಆಗ ತಾನೇ ಹುಟ್ಟಿದ ಮಗುವಿಗೆ ದೊಡ್ಡವರಂತೆ ನಡುಗಿ ಬಿಸಿ ಮಾಡಿಕೊಳ್ಳಲು ಬಾರದು. ಬೆನ್ನು, ಕುತ್ತಿಗೆಯ ಬಳಿ ಇರುವ ಕಂದು ಕೊಬ್ಬನ್ನು ಉರಿಸಿ ಅದು ಬೆಚ್ಚಗಿರುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಆ ಕೊಬ್ಬೂ ಕಡಿಮೆ. ಆದ್ದರಿಂದ ಹುಟ್ಟಿದ ಕೂಡಲೇ ಒರೆಸಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ತಲೆಗೆ ಟೋಪಿ ಹಾಕಬೇಕು. ಮೊದಲ 24 ಗಂಟೆ ಸ್ನಾನ ಬೇಡ. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಇನ್‌ಕ್ಯುಬೇಟರುಗಳ ಕೊರತೆಯಿಂದಾಗಿ ಆರಂಭಿಸಿದ ಈ ಕಾಂಗರೂ ಆರೈಕೆಯನ್ನು ಇಂದು ಜಗತ್ತೇ ಒಪ್ಪಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಕೊಟ್ಟಾಗ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ತಾಯಿಗೆ ಆಗದಿದ್ದರೆ ತಂದೆ, ಅಜ್ಜಿ ಯಾರಾದರೂ ಎದೆಗೆ ಅಪ್ಪಿಕೊಳ್ಳಬಹುದು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಬೇಡ. ಅದರ ವಿಷಗಾಳಿ ತಾಯಿ-ಮಗು ಇಬ್ಬರಿಗೂ ಮಾರಕ.

ಆಪರೇಷನ್ ಆದವರು: ಅರಿವಳಿಕೆ ಕೊಟ್ಟಾಗ ಕಾವಲುಗಾರನೂ ಮಂಕಾಗುತ್ತಾನೆ, ಥಿಯೇಟರಿನ ಕೋಣೆಯೂ ತಣ್ಣಗಿರುತ್ತದೆ. ಹೊರಬಂದವರು ನಡುಗಿದರೆ ಗಾಬರಿಯಾಗದೆ ಸಿಸ್ಟರಿಗೆ ಹೇಳಿ, ಕಂಬಳಿ ಹೊದಿಸಿ. ಆದರೆ ರಕ್ತ ಅಥವಾ ಸಲೈನ್ ಏರಿಸುತ್ತಿರುವಾಗ ನಡುಕ, ಚಳಿ ಬಂದರೆ ಒಂದು ನಿಮಿಷವೂ ಕಾಯದೆ ಕೂಗಿ ಕರೆಯಿರಿ.

ಸಕ್ಕರೆ ಕಾಯಿಲೆಯವರು, ಲಕ್ವ ಹೊಡೆದವರು: ಇವರ ಕಾಲಿಗೆ ಬಿಸಿಯ ಅರಿವು ಇರುವುದಿಲ್ಲ. ಬಿಸಿನೀರಿನ ಚೀಲ, ಬಾಟಲಿ ಇಟ್ಟರೆ ಚರ್ಮ ಸುಟ್ಟರೂ ತಿಳಿಯದು. ಕಾಲುಚೀಲ, ಕಂಬಳಿ ಸಾಕು.

ನೀವು ಕೇಳುವ ಪ್ರಶ್ನೆಗಳು

ಜ್ವರ ಇರುವಾಗ ಲಿಂಗಪೂಜೆಗೆ ಸ್ನಾನ ಮಾಡಲೇಬೇಕೇ? ತಣ್ಣೀರು ಸ್ನಾನ ಬೇಡ. ಶಕ್ತಿ ಇದ್ದರೆ ಬೆಚ್ಚಗಿನ ನೀರಿನ ಸ್ನಾನ ಮಾಡಬಹುದು. ಇಲ್ಲದಿದ್ದರೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಮಡಿಯಾದ ಬಟ್ಟೆ ಉಡಿಸಿ. ಅಶಕ್ತರನ್ನು ಒತ್ತಾಯಿಸಬೇಡಿ.

ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ? ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ. ಅಳತೆ ಮೀರಬಾರದು. ಹೃದಯ, ಮೂತ್ರಪಿಂಡದ ಕಾಯಿಲೆಯಿಂದ ನೀರು ಮಿತಿ ಮಾಡಿಸಿಕೊಂಡವರು ಮತ್ತು ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಕೊಳ್ಳಿ.

ಮಾತ್ರೆಗಳಿಂದ ಬಿಸಿಲು ತಾಳದೆ ಹೋಗುವುದುಂಟೇ? ಉಂಟು. ಮೂತ್ರ ಹೆಚ್ಚಿಸುವ ಮಾತ್ರೆಗಳು, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಇಂಥವು. ಆದರೆ ನೀವಾಗಿ ನಿಲ್ಲಿಸಬೇಡಿ, ಬೇಸಿಗೆಗೆ ಮುಂಚೆ ವೈದ್ಯರನ್ನು ಕಾಣಿ.

ಕೈಯಿಂದ ಹಣೆ ಮುಟ್ಟಿ ನೋಡಿದರೆ ಸಾಲದೇ? ಸಾಲದು. ನಿಮ್ಮ ಕೈ ತಣ್ಣಗಿದ್ದರೆ ಎಲ್ಲರಿಗೂ ಜ್ವರ ಬಂದಂತೆ ಕಾಣುತ್ತದೆ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ.

ತಡಮಾಡದೆ ಕರೆತನ್ನಿ

ಎರಡು ತಿಂಗಳೊಳಗಿನ ಮಗುವಿನ ಮೈ ಬಿಸಿಯಾದರೂ ತಣ್ಣಗಾದರೂ, ಹಾಲು ಬಿಟ್ಟರೂ. ಜ್ವರದ ಜೊತೆ ಕುತ್ತಿಗೆ ಸೆಟೆದರೆ, ಏದುಸಿರು ಬಂದರೆ, ಮೈಮೇಲೆ ಕೆಂಪು ಗುಳ್ಳೆ ಅಥವಾ ಕಲೆ ಎದ್ದರೆ, ಮೂತ್ರ ನಿಂತರೆ, ಬುದ್ಧಿ ಕಲಕಿದರೆ. ಜ್ವರ ಮೂರು ದಿನ ದಾಟಿದರೆ. ಆಪರೇಷನ್ ಆಗಿ ಮನೆಗೆ ಹೋದವರಿಗೆ, ಬಾಣಂತಿಯರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಜ್ವರ ಬಂದರೆ ಅದೇ ದಿನ ಬನ್ನಿ. ರಾತ್ರಿಯಾದರೂ ಬನ್ನಿ.

ಕೊನೆಯ ಮಾತು

ದೇಹವನ್ನೇ ದೇಗುಲವೆಂದು ಕಂಡವರು ಬಸವಾದಿ ಶರಣರು. ಆ ದೇಗುಲದ ದೀಪವನ್ನು ಒಂದೇ ಕಾವಿನಲ್ಲಿ ಉರಿಸುವ ಕಾಯಕ ನಮ್ಮ ಅರಿವಿಗೇ ಬಾರದೆ ಹುಟ್ಟಿನಿಂದ ನಡೆದಿದೆ. ಅದು ತನ್ನ ಕಾಯಕವನ್ನು ಮಾಡಲು ನಾವು ಅನುವು ಮಾಡಿಕೊಟ್ಟರೆ ಸಾಕು: ನೀರು, ನೆರಳು, ವಿಶ್ರಾಂತಿ, ಬೇಕಾದಾಗ ಬೆಚ್ಚಗೆ. ಕೂಲಿಗೆ ಆಳು ಕರೆದವರು ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಡಿ, ಕೆಲಸದ ಜಾಗದಲ್ಲಿ ಗಡಿಗೆ ತುಂಬಿಡಿ. ಹಿಂದಿನವರು ಬೇಸಿಗೆ ಬಂತೆಂದರೆ ದಾರಿಹೋಕರಿಗಾಗಿ ಅರವಟ್ಟಿಗೆ ಇಡುತ್ತಿದ್ದರು. ದಾಸೋಹವೆಂದರೆ ಅನ್ನ ಮಾತ್ರವಲ್ಲ, ಬಿಸಿಲಲ್ಲಿ ಒಂದು ತಂಬಿಗೆ ನೀರೂ ದಾಸೋಹವೇ. ಅದರಿಂದ ಒಂದು ಜೀವ ಉಳಿಯಬಹುದು.

ಓದಿದ ಮೇಲೆ ಈ ಪುಸ್ತಿಕೆಯನ್ನು ಪಕ್ಕದ ಹಾಸಿಗೆಯವರಿಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ. ಅರ್ಥವಾಗದ್ದನ್ನು ಸಿಸ್ಟರ್‌ಗಳಲ್ಲಿ, ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿ. ನಿಮ್ಮ ರೋಗಿ ಬೇಗ ಗುಣಮುಖರಾಗಿ ಮನೆಗೆ ಮರಳಲಿ.